ಬಚ್ಚಲಲ್ಲಿ ಬಿದ್ದವನು

ಮೂಳೆ ಡಾಕ್ಟರ ಬಾಗಿಲ ಮುಂದೆ, ನನ್ನ ಪಕ್ಕದ ಬೆಂಚಿನಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದ ಫಿಟ್ಟರ್ ಒಬ್ಬ ಕೂತಿದ್ದ. ಜೊತೆಗೆ ಅವನ ಭಾವ. ಇಬ್ಬರೂ ಒಂದೇ ವಿಮಾನ ಕಾರ್ಖಾನೆಯವರು; ಭಾವ ಅಲ್ಲಿ ನಕ್ಷೆ ಬರೆಯುವವರು.

"ರೆಕ್ಕೆ ಎತ್ತಿ ತಿರುಗಿಸೋ ಸ್ಟ್ಯಾಂಡಿನ ನಕ್ಷೆ ಕೊಟ್ರಲ್ಲ ಭಾವ, ಏನಾಯ್ತು?"

"ಆಫೀಸಿಂದ ವಾಪಸ್ ಬಂತು. ರೆಕ್ಕೇನ ಕೈಯಲ್ಲೇ ಮಗುಚಿ ಇವತ್ತಿನವರೆಗೆ ಯಾರಿಗೂ ಏಟಾಗಿಲ್ಲ, ಇದ್ಯಾಕೆ ಅಂತ ಬರೆದಿದಾರೆ."

"ಯಾರಿಗೂ ಆಗಿಲ್ವಾ? ಮತ್ತೆ ನನ್ನ ಸೊಂಟ ತಾನಾಗೇ ಮುರೀತಾ?"

"ನೀನು ಬಚ್ಚಲಲ್ಲಿ ಜಾರಿ ಬಿದ್ದೋನು. ಹಾಗಂತ ನೀನೇ ಸಹಿ ಹಾಕಿದ ಕಾಗದಾನೂ ಜೊತೆಗಿಟ್ಟಿದಾರೆ."

"ಹಾಕಿದ್ರೆ ತಮ್ಮನಿಗೆ ಕೆಲಸ ಅಂದ್ರು. ಕೊಟ್ರಲ್ಲ!"

"ಕೊಟ್ರಪ್ಪ. ಎಲ್ಲಿ ಹಾಕಿದಾರೆ, ಕೇಳಿದ್ಯಾ?"

"ಸ್ಟೋರಲ್ಲಿ ಅಂತಿದ್ದ."

"ನಿನ್ನ ಹತ್ರ ಹಾಗೇ ಅಂತಾನೆ. ನಿನ್ನ ಜಾಗದಲ್ಲೇ ನಿಲ್ಲಿಸಿದಾರೆ. ರೆಕ್ಕೆ ಮಗುಚುವಾಗ ಕೆಳಗಿನ ಮೂಲೆ ಅವನದ್ದೇ."

ಫಿಟ್ಟರ್ ಎದ್ದೇಳಲು ಹೋಗಿ, ಸೊಂಟ ಹಿಡಿದು ಮತ್ತೆ ಕೂತ.

"ಈಗಲಾದ್ರೂ ಡಾಕ್ಟರ ಹತ್ರ ನಿಜ ಹೇಳೋ. ಕಾರ್ಖಾನೇಲಿ ಆದ ಏಟು ಅಂತ ಅವರು ಬರೆದುಕೊಟ್ರೆ ಸ್ಟ್ಯಾಂಡು ಮಾಡಿಸಲೇಬೇಕಾಗುತ್ತೆ."

"ತಮ್ಮನ ಕೆಲಸ?"

ಭಾವ ಉತ್ತರಿಸುವಷ್ಟರಲ್ಲಿ ನರ್ಸ್ ಬಾಗಿಲು ತೆಗೆದರು. "ಏಟು ಹೇಗಾಯ್ತು?"

ಭಾವ ತೋಳು ಹಿಡಿದು ಎಬ್ಬಿಸಿದರು. ಅವರ ಮುಖ ನೋಡದೆ ಫಿಟ್ಟರ್, "ಬಚ್ಚಲಲ್ಲಿ, ಸಿಸ್ಟರ್," ಎಂದು ಒಳಗೆ ನಡೆದ.