ಐದನೇ ನಿಮಿಷಕ್ಕೆ ಒಪ್ಪಬೇಕಿತ್ತು

ಬಸ್ಸಿನ ಸಾಲಿನಲ್ಲಿ ದರ್ಜಿಯೊಬ್ಬನ ಮುಂದೆ ನಿಂತಿದ್ದ ಇಬ್ಬರು ಆರೋಗ್ಯ ಕಾರ್ಯಕರ್ತೆಯರ ಕೊರಳಲ್ಲಿ ಮೂರು ದಿನದ ತರಬೇತಿಯ ಬ್ಯಾಡ್ಜು ಇನ್ನೂ ನೇತಾಡುತ್ತಿತ್ತು. ಕಿರಿಯಳು ಸಿಡಿಮಿಡಿಗೊಂಡಿದ್ದಳು. ಕಿವಿ ಮುಚ್ಚಿಕೊಳ್ಳೋಣವೆಂದರೆ ದರ್ಜಿಯ ಎರಡೂ ಕೈಯಲ್ಲಿ ಬಟ್ಟೆಯ ಗಂಟು.

“ಐದನೇ ನಿಮಿಷಕ್ಕೆ ನೀವು ಒಪ್ಕೋಬೇಕಿತ್ತು ಅಕ್ಕ! ಪಾತ್ರದ ಹಾಳೇಲಿ ಹಾಗೇ ಬರ್ದಿತ್ತು.”

“ರೋಗಿ ಪಾತ್ರ ಮಾಡು ಅಂದ್ರು, ಮಾಡ್ದೆ.”

“ಮಾತ್ರೆ ಬೇಡ ಅನ್ನೋ ರೋಗಿ. ನಾನು ತಿಳಿಸಿ ಹೇಳ್ಬೇಕು, ನೀವು ಹೂಂ ಅನ್ಬೇಕು. ಅಷ್ಟೇ ತಾನೇ ಪರೀಕ್ಷೆ?”

“ನೀನು ಹೇಳಿದ್ದು ಮನಸ್ಸಿಗೆ ನಾಟ್ಲಿಲ್ಲ ಕಣೇ.”

“ಪಾಠ ಮಾಡೋ ಡಾಕ್ಟ್ರೇ ಎದ್ದು ಬಂದು ಹೇಳಿದ್ರಲ್ಲ! ಅವ್ರಿಗೂ ‘ಮೊದ್ಲು ನೀನು ನುಂಗಿ ತೋರ್ಸು’ ಅಂದ್ಬಿಟ್ರಿ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ತು. ಫೇಲಾಗಿದ್ದು ಮಾತ್ರ ನಾನು. ಮುಂದಿನ ತಿಂಗಳು ಮತ್ತೆ ಮೂರು ದಿನ ಬಂದು ಕೂತ್ಕೋಬೇಕು!”

“ನಮ್ಮತ್ತೆ ನಂಗೆ ದಿನಾ ಅನ್ನೋದು ಅದೇ ಮಾತು. ಅವ್ರಿಗೆ ಸಕ್ಕರೆ ಕಾಯಿಲೆ. ಎರಡು ವರ್ಷ ಆಯ್ತು, ಒಂದು ಮಾತ್ರೆ ಮುಟ್ಟಿಲ್ಲ. ಈಗ ಕಾಲಿನ ಹುಣ್ಣು ಕಪ್ಪಾಗ್ತಿದೆ. ಅವ್ರ ಪಾತ್ರಾನೇ ಮಾಡ್ದೆ. ಐದು ನಿಮಿಷಕ್ಕೆ ಹೇಗೆ ಒಪ್ಲಿ?”

ಕಿರಿಯಳ ದನಿ ಇಳಿಯಿತು, ಸಿಟ್ಟು ಇಳಿಯಲಿಲ್ಲ.

“ಹಾಗಾದ್ರೆ ಏನು ಹೇಳಿದ್ರೆ ಒಪ್ತಿದ್ರಿ? ಅದನ್ನಾದ್ರೂ ಹೇಳಿ, ಮುಂದಿನ ಸಲ ಅದನ್ನೇ ಹೇಳ್ತೀನಿ.”

ಬಸ್ಸು ಬಂತು. ಹಿರಿಯಳು ಬ್ಯಾಡ್ಜು ಕಳಚಿ ಚೀಲಕ್ಕೆ ತುರುಕಿಕೊಂಡು ಮೆಟ್ಟಿಲು ಹತ್ತಿದಳು.

“ಅದನ್ನ ಕಲಿಯೋಣ ಅಂತಾನೇ ಕಣೇ ನಾನು ಈ ತರಬೇತಿಗೆ ಹೆಸರು ಕೊಟ್ಟಿದ್ದು.”