ಬಾವಿಗೆ ಎಸೆದ ತಗಡು

ತಗಡಣ್ಣನ ಸಂಗೀತವನ್ನು ಕದ್ದರು. ಅವನು ಸತ್ತ ಮೇಲೆ ಕದ್ದರು. ಮೊದಲು ಇದನ್ನು ಹೇಳಿಬಿಡುತ್ತೇನೆ, ದೆವ್ವ ಆಮೇಲೆ ಬರಲಿ.

ನಮ್ಮ ಚಿಕ್ಕಮ್ಮನ ಮಗಳು, ನನ್ನ ತಂಗಿ, ನಟಿಯಾಗಿದ್ದ ನಾಟಕ ತಂಡದಲ್ಲಿ ಅವನು ನಟ. ಸಂಗೀತವೂ ಅವನದೇ. ಅಂಗಡಿಯಲ್ಲಿ ಸಿಗುವ ವಾದ್ಯ ಮುಟ್ಟಿದವನಲ್ಲ. ಒಂದು ತಗಡಿನ ಹಾಳೆ, ಬಾಗಿಸಿ ಕಮಾನು ಎಳೆದರೆ ಊಂ ಎನ್ನುವ ಒಂದು ಗರಗಸ, ಅಷ್ಟೇ. ತಗಡಿಗೆ ದಾರ ಕಟ್ಟಿ, ಇನ್ನೊಂದು ತುದಿ ತನ್ನ ಕಾಲಿಗೆ ಕಟ್ಟಿಕೊಂಡು, ಪಾತ್ರದ ಮಾತಾಡುತ್ತಲೇ ನುಡಿಸುತ್ತಿದ್ದ.

"ಇದೂ ಒಂದು ಸಂಗೀತವಾ? ತಗಡು!" ಎಂದು ಜನ ನಕ್ಕರು.

"ಹೌದು, ತಗಡೇ. ನಿಮ್ಮ ಚಿನ್ನಕ್ಕೆ ಇಷ್ಟು ಬಾಯಿ ಇದೆಯಾ?" ಅಂದ. ಆ ಹೆಸರೇ ಅಂಟಿಕೊಂಡಿತು.

ಅವನದೊಂದು ಹಟವಿತ್ತು. ಉಗುರಿನಿಂದ ತಗಡನ್ನು ಒಮ್ಮೆ ಗೀರುತ್ತಿದ್ದ... ಕಿರ್‍ರ್. ನಾನಿದ್ದೀನಿ, ನೀನು ಶುರು ಮಾಡು ಅಂತ ಅದರ ಅರ್ಥ. ಆಮೇಲೆ ಕಾಯುತ್ತಿದ್ದ. ಎದುರಿನ ನಟಿ ಉಸಿರೆಳೆದುಕೊಂಡ ಮೇಲೇ ಗರಗಸ ಮುಟ್ಟುವುದು.

ಜ್ವರ ಬಂದು ಹೋಗಿಬಿಟ್ಟ. ನಿರ್ದೇಶಕ ಅವನ ಸಾಮಾನನ್ನೆಲ್ಲ ರಂಗಮಂದಿರದ ಹಿಂದಿನ ಹಾಳು ಬಾವಿಗೆ ಹಾಕಿಸಿದ. ಹಳೆಯ ಪ್ರದರ್ಶನದ ಧ್ವನಿಮುದ್ರಣ ಮಾತ್ರ ಇಟ್ಟುಕೊಂಡ. ಅದರಲ್ಲಿದ್ದ ಉಗುರಿನ ಗೀರು, ಕಾಯುವ ಮೌನ, ಎಲ್ಲವನ್ನೂ ಕಸವೆಂದು ಕತ್ತರಿಸಿದ. ಪೋಸ್ಟರಿನಲ್ಲಿ ಸಂಗೀತವೂ ತನ್ನದೇ, ನಿರ್ದೇಶನವೂ ತನ್ನದೇ ಎಂದು ಹಾಕಿಸಿಕೊಂಡ!

ಪ್ರದರ್ಶನದ ಹಿಂದಿನ ರಾತ್ರಿ ತಾಲೀಮು ತಡವಾಗಿ ಮುಗಿಯಿತು. ದಿನವಿಡೀ ಯಾರಿಗೂ ಕಾಯದ ಆ ಟೇಪಿನ ಹಿಂದೆ ಓಡಿ ಓಡಿ ನನ್ನ ತಂಗಿಗೆ ಮಾತು ತಪ್ಪಿತ್ತು, ಬೈಗುಳ ತಿಂದಿದ್ದಳು. ರಂಗದ ದೀಪ ನೋಡಿಕೊಳ್ಳುವ ಮಾಮನ ಜೊತೆ ಬಾವಿಯ ಬದಿಯಿಂದ ಮನೆಗೆ ಹೊರಟಳು.

ಕಿರ್‍ರ್...

ಇಬ್ಬರೂ ನಿಂತರು.

"ಇಲಿ," ಅಂದ ಮಾಮ, ಪಿಸುದನಿಯಲ್ಲಿ.

"ಇಲಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಮಾಮ? ಒಂದ್ಸಲ ಗೀರಿ ಸುಮ್ನಾಯ್ತಲ್ಲ."

"ನಡಿಯೇ ತಾಯಿ... ನನ್ನ ಜೀವ ಆಗ್ಲೇ ಮನೆ ಸೇರಿದೆ."

ಅವಳು ನಡೆಯಲಿಲ್ಲ. ಬಾವಿಯೊಳಗೆ ಯಾರೋ ಕಾಯುತ್ತಿದ್ದರು... ಉಸಿರೆಳೆದುಕೊಂಡಳು. ಕೆಳಗಿನಿಂದ ಗರಗಸ ಎದ್ದಿತು. ಊಂ... ಹಲ್ಲು ಜುಮ್ಮೆನ್ನುವಂತೆ. ಅವಳು ಉಸಿರು ಹಿಡಿದರೆ ಅದೂ ಹಿಡಿಯಿತು. ಬಿಟ್ಟರೆ ಬಿಟ್ಟಿತು. ಯಾವ ಟೇಪು ಹೀಗೆ ಮಾಡುತ್ತದೆ, ಹೇಳಿ!

"ಬಂದ್ಯಾ ಅಣ್ಣ?"

ಗರಗಸ ನುಡಿಯುತ್ತಲೇ ಇತ್ತು. ಬದುಕಿದ್ದಾಗಲೂ ಅವನು ಕೆಲಸದ ನಡುವೆ ಹರಟುವವನಲ್ಲ.

ಮರುದಿನ ಸಂಜೆ ರಂಗಮಂದಿರ ತುಂಬಿತ್ತು. ಅವಳು ನೇರ ರಂಗದ ನಡುವೆ ಬಂದು ನಿಂತಳು. "ಟೇಪು ನಿಲ್ಲಿಸಿ. ಈ ಸಂಗೀತ ತಗಡಣ್ಣಂದು."

ಪಕ್ಕದ ಪರದೆಯ ಮರೆಯಿಂದ ನಿರ್ದೇಶಕ ಬುಸುಗುಟ್ಟಿದ. "ಏಯ್! ನಾಳೆಯಿಂದ ನೀನು ತಂಡದಲ್ಲಿ ಇರಲ್ಲ!"

"ನಾಳೆ ತಾನೇ? ಇವತ್ತು ಇದ್ದೀನಲ್ಲ."

ಮಾಮ ಹೋಗಿ ಟೇಪಿನ ತಂತಿಯನ್ನೇ ಕಿತ್ತ. ಅವಳು ಉಸಿರೆಳೆದುಕೊಂಡಳು...

ಊಂ...

ಕೊನೆಯ ಮಾತಿನವರೆಗೂ ಅದು ಅವಳ ಜೊತೆಗೇ ಬಂತು. ಒಮ್ಮೆಯೂ ಮುಂದೆ ಓಡಲಿಲ್ಲ. ಅವಳಿಗೆ ಒಂದು ಮಾತೂ ತಪ್ಪಲಿಲ್ಲ.

ಸ್ಪೀಕರ್ ಕೆಟ್ಟು ಸದ್ದು ಬಂತು ಎಂದು ನಿರ್ದೇಶಕ ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಸರಿ, ಸ್ಪೀಕರ್ ಕೆಟ್ಟಿತ್ತು ಎಂದೇ ಇಟ್ಟುಕೊಳ್ಳಿ. ನಾಟಕ ಮುಗಿದು ದೀಪ ಹತ್ತಿದಾಗ ಮುಂದಿನ ಸಾಲಿನವರೆಲ್ಲ ಎದ್ದು ಬಟ್ಟೆ ಕೊಡವಿಕೊಂಡರು. ಎಲ್ಲರ ಮಡಿಲಲ್ಲೂ ತುಕ್ಕಿನ ಪುಡಿ. ನಾನೂ ಆ ಸಾಲಿನಲ್ಲೇ ಕೂತಿದ್ದೆ. ತಲೆಯ ಮೇಲೆ ಸುಣ್ಣ ಬಳಿದ ಚಾವಣಿ ಬಿಟ್ಟರೆ ಏನೂ ಇರಲಿಲ್ಲ. ಇದು ನಡೆದದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ತಂಗಿಯನ್ನು ಹೊರಗೆ ಹಾಕಿದರು. ಅದೇ ನಾಟಕ ಮತ್ತೆ ಬರುತ್ತಿದೆ, ಅದೇ ಸುಳ್ಳು ಪೋಸ್ಟರು. ದೆವ್ವ ತನ್ನ ಕೆಲಸ ಮಾಡಿ ಹೋಯಿತು. ನೀವು ಬದುಕಿದ್ದೀರಿ ತಾನೇ? ಟಿಕೆಟ್ ಕಿಟಕಿಯ ಮುಂದೆ ನಿಂತು ಗಟ್ಟಿಯಾಗಿ ಕೇಳಿ, ತಗಡಣ್ಣನ ಹೆಸರೆಲ್ಲಿ ಅಂತ. ಅದನ್ನು ಹಾಕುವ ತನಕ ಒಳಗೆ ಕಾಲಿಡಬೇಡಿ.