ಅಮ್ಮನ ಮಂಡಿಗೆ ತಿಕ್ಕಿದ ಎಣ್ಣೆ

ಇಲ್ಲ ಅಕ್ಕ, ಅಮ್ಮ ಯಾವ ಔಷಧೀನೂ ತಗೋತಿರ್ಲಿಲ್ಲ. ಡಾಕ್ಟರಿಗೂ ಅದನ್ನೇ ಹೇಳಿದೀನಿ... ಗೊತ್ತು, ನೀನು ಬಾಯಿಬಿಟ್ಟು ಕೇಳ್ಲಿಲ್ಲ. ಆದ್ರೆ ಬಂದಾಗಿಂದ ಹಾಗೇ ನೋಡ್ತಿದೀಯ, ಅಮ್ಮನ ಮಿದುಳಿಗೆ ಹೋಗೋ ರಕ್ತಾನ ನಾನೇ ಅಡ್ಡ ನಿಂತು ತಡೆದ ಹಾಗೆ. ಕೂತ್ಕೋ. ಒಳಗೆ ಸ್ಕ್ಯಾನ್ ನಡೀತಿದೆ. ಎಡಗೈ ಬಿದ್ದುಹೋಗಿದೆ, ಮಾತು ತೊದಲ್ತಿದೆ, ಅಷ್ಟೇ... ಅಷ್ಟೇ ಅಂದ್ರೆ, ಅಷ್ಟೇ ಅಲ್ಲ. ಸರಿ.

ನೋಡು, ಸ್ಟ್ರೋಕ್ ವಿಷ್ಯ ನಂಗೆ ಹೊಸದಲ್ಲ. ಡಿಗ್ರಿ ಅರ್ಧಕ್ಕೆ ಬಿಟ್ಟೋನು, ನಿಜ. ಇಲಿ ಪಂಜರ ತೊಳಿಯೋನು, ಅದೂ ನಿಜ. ಆದ್ರೆ ನಮ್ಮ ಲ್ಯಾಬಲ್ಲಿ ಅದೇ ಕೆಲ್ಸ. ಹೆಣ್ಣಿಲಿಗಳ ಅಂಡಾಶಯ ತೆಗೀತಾರೆ. ಕೆಲವಕ್ಕೆ ಎಣ್ಣೇಲಿ ಈಸ್ಟ್ರೋಜನ್, ಅಂದ್ರೆ ಅಂಡಾಶಯದಿಂದ ಬರ್ಬೇಕಿದ್ದ ಹಾರ್ಮೋನ್, ಬೆರೆಸಿ ಚುಚ್ಚುತಾರೆ, ಕೆಲವಕ್ಕೆ ಬರೀ ಎಣ್ಣೆ. ಆಮೇಲೆ ಮಿದುಳಿಗೆ ಹೋಗೋ ರಕ್ತಾನ ಸ್ವಲ್ಪ ಹೊತ್ತು ತಡೀತಾರೆ. ಕೊನೆಗೆ ಮಿದುಳನ್ನ ಹೋಳು ಮಾಡಿ ಬಣ್ಣಕ್ಕೆ ಅದ್ದಿದ್ರೆ, ಬದುಕಿರೋ ಜಾಗ ಕೆಂಪು, ಸತ್ತ ಜಾಗ ಬಿಳಿ. ಬರೀ ಎಣ್ಣೆಯ ಇಲಿಗೆ ಅರ್ಧ ಹೋಳೇ ಬಿಳಿ. ಔಷಧಿ ಇಲಿಗೆ ಸಾಸಿವೆಯಷ್ಟು.

ಯಾಕೆ ಅಂತ ಕೇಳು. ಕೇಳಲ್ವಾ? ನಾನೇ ಹೇಳ್ತೀನಿ. ಮಿದುಳಿನ ಜೀವಕೋಶದಲ್ಲಿ ಈಸ್ಟ್ರೋಜನ್ನಿಗೆ ಅಂತಾನೇ ರಿಸೆಪ್ಟರ್ ಇರುತ್ತೆ, ಕುರ್ಚಿ ಅಂದ್ಕೋ. ಹಾರ್ಮೋನ್ ಬಂದು ಕೂತ್ರೆ ಕೋಶಕ್ಕೆ ಧೈರ್ಯ. ರಕ್ತ ನಿಂತ್ರೂ ಒಂದಷ್ಟು ತಡ್ಕೊಳ್ಳುತ್ತೆ... ಯಾಕೆ ನಗ್ತೀಯ? ನಿನ್ನ ತಲೇಲೂ ಇವೆ ಕಣಕ್ಕ. ನನ್ನ ತಲೇಲೂ ಒಂದಿಷ್ಟು ಇರಬೇಕು, ಪರೀಕ್ಷೇಲಿ ಕೆಲ್ಸಕ್ಕೆ ಬರ್ಲಿಲ್ಲ ಅಷ್ಟೇ.

ನಾನು ಸ್ಕೂಲಲ್ಲಿದ್ದಾಗ್ಲೇ ಅಮ್ಮಂಗೆ ಗರ್ಭಕೋಶ, ಅಂಡಾಶಯ ಎಲ್ಲಾ ತೆಗೆದ್ರಲ್ಲ. ಅವತ್ತಿಂದ ಕುರ್ಚಿ ಖಾಲಿ. ಪಂಜರ ತೊಳೀತಾ ಅದೇ ತಲೆ ಕೊರೀತಿತ್ತು. ಅದಕ್ಕೇ... ಅದಕ್ಕೇ ಏನಿಲ್ಲ. ಸಂಜೆ ಅವಳ ಮಂಡಿಗೆ ಎಣ್ಣೆ ತಿಕ್ತಿದ್ದೆ. ದಂಡಪಿಂಡ ಮಗನ ಸೇವೆ.

ಹಾಗ್ಯಾಕೆ ನೋಡ್ತೀಯ? ಅಮ್ಮ ಫೋನಲ್ಲಿ ಹೇಳಿದ್ಲಾ? ಗ್ಲೌಸ್ ಹಾಕ್ಕೊಂಡು ತಿಕ್ತಾನೆ, ನನ್ನ ಕಾಲು ಕಂಡ್ರೆ ಅಷ್ಟು ಹೇಸಿಗೆ ಇವನಿಗೆ ಅಂತ? ಹೇಸಿಗೆ ಅಲ್ಲ ಅಕ್ಕ. ಅದು ಚರ್ಮದಿಂದ ಒಳಗಿಳಿಯುತ್ತೆ. ಲ್ಯಾಬಲ್ಲೂ ಬರಿಗೈಲಿ ಮುಟ್ಟೋ ಹಾಗಿಲ್ಲ, ಗಂಡಸರಂತೂ...

ಸರಿ. ಲ್ಯಾಬಿನ ಎಣ್ಣೆ, ಈಸ್ಟ್ರೋಜನ್ ಬೆರೆಸಿದ್ದು. ಬಾಟಲಿ ತಳದಲ್ಲಿ ಉಳಿದಿದ್ದು. ಒಳ್ಳೇದಕ್ಕೇ ಮಾಡ್ದೆ. ಬೈಯಿ ಬೇಕಾದ್ರೆ, ನಂಗೆ ರೂಢಿ ಇದೆ.

ಇನ್ನೇನು ಹೇಳ್ಲಿ? ಔಷಧಿ ಇಲಿಗಳ ಮಿದುಳು ಉಳ್ಕೊಳ್ತು ಅಂದ್ನಲ್ಲ... ಎಲ್ಲಾ ಇಲಿ ಅಂತ ನಾನೆಲ್ಲಿ ಹೇಳ್ದೆ? ಇನ್ನೊಂದು ಸಾಲು ಪಂಜರ ಇದೆ. ಅಂಡಾಶಯ ತೆಗೆದು, ಸುಮಾರು ಕಾಲ ಹಾಗೇ ಬಿಟ್ಟು, ಆಮೇಲೆ ಔಷಧಿ ಕೊಟ್ಟಿದ್ದು. ಆ ಹೋಳುಗಳೆಲ್ಲಾ ಬಿಳಿ. ಯಾರೂ ಕೂರದ ಕುರ್ಚೀನ ಮಿದುಳು ಎತ್ತಿ ಆಚೆ ಹಾಕುತ್ತಂತೆ, ಕಾಲೇಜಲ್ಲಿ ನನ್ನ ಹೆಸರು ಹೊಡೆದು ಹಾಕಿದ ಹಾಗೆ. ಅಷ್ಟು ತಡವಾದ್ಮೇಲೆ ಕೊಟ್ರೆ ಕಾಪಾಡೋದಿರ್ಲಿ, ವಯಸ್ಸಾದ ಹೆಂಗಸರಿಗೆ ರಕ್ತ ಹೆಪ್ಪುಗಟ್ಟೋ ಭಯಾನೂ ಇದೆ ಅಂತ ಲ್ಯಾಬಿನ ಮೇಡಂ ಹೇಳಿದ್ರು.

ಯಾವಾಗ ಹೇಳಿದ್ರು ಅಂತ ಮಾತ್ರ ಕೇಳ್ಬೇಡ...

ಹೋದ ತಿಂಗಳು.

ನಿಲ್ಲಿಸಿದ್ದೆ ಅಕ್ಕ, ನಂಬು. ಒಂದು ವಾರ ಮಾಮೂಲಿ ಎಣ್ಣೆ ತಿಕ್ಕಿದೆ. ಔಷಧಿ ತಪ್ಪಿದ್ದಕ್ಕೆ ಅವಳಿಗೆ ಮೈಯೆಲ್ಲಾ ಕಾವು, ನಿದ್ದೆ ಇಲ್ಲ. ನೀನು ಮನಸ್ಸಿಟ್ಟು ತಿಕ್ತಿಲ್ಲ ಬಿಡು ಅಂದ್ಲು. ಅದಕ್ಕೆ ಮುಂಚೆ ಬಂದ್ಯಾ ರಾಜ ಅಂತ ಕಾಲು ಚಾಚ್ಕೊಂಡು ಕಾಯ್ತಿದ್ಲು. ರಾಜ ಅಂತ, ನಂಗೆ. ಮತ್ತೆ ಅದನ್ನೇ ತಂದೆ.

ಎಲ್ಲಿಗೆ? ಡಾಕ್ಟರ ಹತ್ರಾನಾ? ತಡಿ, ಕೆಲ್ಸ ಹೋಗುತ್ತೆ ನಂದು... ಬರೀ ಎಣ್ಣೆ ಅಂತ ಹೇಳು, ಸಾಕು. ಬೇಡ, ಬೇಡ, ನಾನೇ ಬರ್ತೀನಿ. ಎಷ್ಟು ಹಚ್ಚಿದೆ ಅಂತ ನಂಗೊಬ್ಬನಿಗೇ ಗೊತ್ತಿರೋದು ಅಕ್ಕ... ಬಾಗಿಲು ಹಾಕ್ಬೇಡ. ನಂಗೂ ಒಳಗೆ... ಅಕ್ಕ?